9.7 ಸೆಂಟಿಮೀಟರ್ ಎತ್ತರದ ಕೆಲಸದಾಳು: ಗೋರೆಗಾಂವ್‌ನ ಫ್ಲ್ಯಾಟಿನಲ್ಲಿ ರೋಬೋಟ್ ವ್ಯಾಕ್ಯೂಮ್ ಕ್ಲೀನರಿನೊಂದಿಗೆ 20 ತಿಂಗಳು

ನಮ್ಮ ಹಾಲ್‌ನಲ್ಲಿರುವ ಸೋಫಾದ ಅಡಿಯ ಸಂದಿನ ಎತ್ತರ 9 ಸೆಂಟಿಮೀಟರ್. ನಾವು ಕೊಂಡು ತಂದ ರೋಬೋಟ್ ವ್ಯಾಕ್ಯೂಮ್ ಕ್ಲೀನರಿನ ಎತ್ತರ 9.7 ಸೆಂಟಿಮೀಟರ್. ಈ 7 ಮಿಲಿಮೀಟರುಗಳ ವ್ಯತ್ಯಾಸ ನಮ್ಮ ಅರಿವಿಗೆ ಬಂದದ್ದು 26,000 ರೂಪಾಯಿ ತೆತ್ತು, ಪೆಟ್ಟಿಗೆ ಬಿಚ್ಚಿ, ಯಂತ್ರವನ್ನು ನೆಲಕ್ಕಿಟ್ಟು ಗುಂಡಿ ಒತ್ತಿದ ಮೇಲೆ. ಅದು ನೇರವಾಗಿ ಸೋಫಾದತ್ತ ಹೋಗಿ, ಹಣೆ ಬಡಿದುಕೊಂಡು, ಸ್ವಲ್ಪ ಹಿಂದೆ ಸರಿದು, ಮತ್ತೊಮ್ಮೆ ಬಡಿದುಕೊಂಡು, ಕೊನೆಗೆ ಪಕ್ಕಕ್ಕೆ ತಿರುಗಿ ಹೊರಟುಹೋಯಿತು. ವರ್ಷಗಳಿಂದ ಕಸಬರಿಗೆಯೂ ತಲುಪದೆ ಉಳಿದಿದ್ದ ಸೋಫಾದಡಿಯ ಧೂಳಿಗಾಗಿಯೇ ನಾವು ಈ ಯಂತ್ರವನ್ನು ತಂದಿದ್ದೆವು ಎಂಬುದನ್ನು ಇಲ್ಲಿ ಹೇಳದಿದ್ದರೆ ತಪ್ಪಾಗುತ್ತದೆ.

ಮುಂಬಯಿಯ ಗೋರೆಗಾಂವ್ ಪಶ್ಚಿಮದಲ್ಲಿ ನಮ್ಮದು ಏಳನೆಯ ಮಹಡಿಯ, 610 ಚದರ ಅಡಿ ಕಾರ್ಪೆಟ್ ಏರಿಯಾದ ಎರಡು ಮಲಗುವ ಕೋಣೆಗಳ ಮನೆ. ಎದುರಿನ ಹಳೆಯ ಹೌಸಿಂಗ್ ಸೊಸೈಟಿಯ ಕಟ್ಟಡವನ್ನು ರಿಡೆವಲಪ್‌ಮೆಂಟಿಗಾಗಿ, ಅಂದರೆ ಹೊಸದಾಗಿ ಕಟ್ಟಲು, ಕೆಡವಿದಂದಿನಿಂದ ನಮ್ಮ ಕಿಟಕಿಯ ಸರಳುಗಳ ಮೇಲೆ ಬೆಳಿಗ್ಗೆ ಒರೆಸಿದರೆ ಸಂಜೆಗೆ ಬೆರಳಿನಿಂದ ಹೆಸರು ಬರೆಯುವಷ್ಟು ಸಿಮೆಂಟಿನ ಧೂಳು ಕೂರುತ್ತದೆ. ಪತಿಗೆ ಧೂಳೆಂದರೆ ಸೀನು, ಅತ್ತೆಗೆ ಮೊಣಕಾಲು ನೋವು, ಮಗಳಿಗೆ ಸೊಂಟದವರೆಗಿನ ಕೂದಲು. ಈ ಮೂರೂ ಸೇರಿ ನಮ್ಮ ನೆಲದ ಸಮಸ್ಯೆಯಾಗಿತ್ತು. ದಿನಕ್ಕೊಮ್ಮೆ ಝಾಡು-ಪೋಛಾಕ್ಕೆ, ಅಂದರೆ ಗುಡಿಸಿ ಒರೆಸಲು, ಬರುವ ಬಾಯಿ (ಮನೆಗೆಲಸದವಳಿಗೆ ಮುಂಬಯಿಯ ಹೆಸರು) ಬೆಳಿಗ್ಗೆ ಒಂಬತ್ತಕ್ಕೆ ಬಂದು ಹೋದರೆ, ಮಧ್ಯಾಹ್ನದ ಹೊತ್ತಿಗೆ ಬರಿಗಾಲಿನಲ್ಲಿ ನಡೆದವರ ಅಂಗಾಲಿಗೆ ಮತ್ತೆ ಮರಳು ಮರಳು.

ಅಂಗಡಿಯ ಅನುಭವದಿಂದ ಆರಂಭಿಸುತ್ತೇನೆ. ಮಾಲ್ ಒಂದರ ದೊಡ್ಡ ಮಳಿಗೆಯಲ್ಲಿ ಸಮವಸ್ತ್ರದ ತರುಣನೊಬ್ಬ ಫಳಫಳಿಸುವ ನೆಲದ ಮೇಲೆ ಒಂದು ಹಿಡಿ ಅಕ್ಕಿ ಚೆಲ್ಲಿ ಯಂತ್ರವನ್ನು ಓಡಿಸಿ ತೋರಿಸಿದ. ಅಕ್ಕಿ ಮಾಯವಾಯಿತು. ಅವನ ಮಾತೆಲ್ಲವೂ ಪಾಸ್ಕಲ್ ಎಂಬ ಒಂದೇ ಶಬ್ದದ ಸುತ್ತ ತಿರುಗುತ್ತಿತ್ತು: ಇದು 4,000 ಪಾಸ್ಕಲ್, ಅದು 6,000, ಇನ್ನೂ ಸ್ವಲ್ಪ ಹಣ ಹಾಕಿದರೆ 8,000. ಪಾಸ್ಕಲ್ ಎಂಬುದು ಒತ್ತಡದ ಮಾಪನ. ನಮ್ಮ ಸುತ್ತಲಿನ ಗಾಳಿಯ ಒತ್ತಡವೇ ಸುಮಾರು 1,01,325 ಪಾಸ್ಕಲ್. ಅಂದರೆ 8,000 ಎಂದು ಹೆಮ್ಮೆಯಿಂದ ಹೇಳುವ ಯಂತ್ರ ತನ್ನೊಳಗಿನ ಒತ್ತಡವನ್ನು ಹೊರಗಿನದಕ್ಕಿಂತ ಶೇಕಡಾ 8ರಷ್ಟು ಇಳಿಸಬಲ್ಲದು, ಅಷ್ಟೆ. ಆ ಹೀರುವ ಒತ್ತಡ ಪೂರ್ತಿಯಾಗಿ ಸಿಗುವುದು ಯಂತ್ರದ ಬಾಯಿ ಮುಚ್ಚಿ, ಗಾಳಿ ಹರಿಯದಂತೆ ತಡೆದು ಅಳೆದಾಗ; ನೆಲದ ಮೇಲೆ ಓಡುವ ಯಂತ್ರದಲ್ಲಿ ಬಾಯಿ ತೆರೆದೇ ಇರುತ್ತದೆ, ಅಲ್ಲಿ ಧೂಳನ್ನು ಎತ್ತುವುದು ಹರಿಯುವ ಗಾಳಿಯ ಪ್ರಮಾಣ ಮತ್ತು ಉರುಳುವ ಬ್ರಶ್. ರತ್ನಗಂಬಳಿ ಹಾಸಿದ ಮನೆಯಲ್ಲಿ ಈ ಸಂಖ್ಯೆಗೆ ಬೆಲೆಯಿದೆ, ಏಕೆಂದರೆ ಎಳೆಗಳ ಬುಡದಲ್ಲಿ ಕೂತ ಧೂಳನ್ನು ಎಳೆಯಲು ಒತ್ತಡ ಬೇಕು. ಮುಂಬಯಿಯ ಮನೆಗಳಲ್ಲಿ ಇರುವುದು ವಿಟ್ರಿಫೈಡ್ ಟೈಲ್ಸ್, ಅಮೃತಶಿಲೆ ಅಥವಾ ಹಳೆಯ ಮೊಸಾಯಿಕ್ ಲಾದಿ; ಇಲ್ಲಿ 3,000 ಪಾಸ್ಕಲ್ ಧಾರಾಳವಾಗಿ ಸಾಕು. ನಾನು ನಮ್ಮ ಯಂತ್ರವನ್ನು ಇಂದಿಗೂ ಎರಡನೆಯ ವೇಗದಲ್ಲೇ ಓಡಿಸುತ್ತೇನೆ. ಹೆಚ್ಚಿನ ವೇಗದಲ್ಲಿ ಸದ್ದು ಹೆಚ್ಚುತ್ತದೆಯೇ ಹೊರತು ನೆಲದಲ್ಲಿ ವ್ಯತ್ಯಾಸ ಕಾಣಿಸಲಿಲ್ಲ. ಅಂದಹಾಗೆ, ಮಳಿಗೆಯಲ್ಲಿ ಅಕ್ಕಿಯ ಬದಲು ಸಾಸಿವೆ ಚೆಲ್ಲಿದ್ದರೆ ಆಟ ಬೇರೆಯೇ ಆಗುತ್ತಿತ್ತು. ಪಕ್ಕದಲ್ಲಿ ಗಿರಗಿರನೆ ತಿರುಗುವ ಕಡ್ಡಿ-ಬ್ರಶ್ ಉರುಟಾದ, ಹಗುರವಾದ ಕಾಳನ್ನು ಒಳಗೆ ತಳ್ಳುವ ಬದಲು ಮೂಲೆ ಮೂಲೆಗೆ ಚಿಮ್ಮಿಸುತ್ತದೆ. ಒಗ್ಗರಣೆಯ ಡಬ್ಬಿ ಉರುಳಿದ ದಿನ ಇದನ್ನು ಕಣ್ಣಾರೆ ಕಂಡಿದ್ದೇನೆ.

ಹಾಗಾದರೆ ಹಣ ಕೊಡಬೇಕಾದದ್ದು ಯಾವುದಕ್ಕೆ ಎಂದರೆ, ನನ್ನ ಖಚಿತ ಅಭಿಪ್ರಾಯದಲ್ಲಿ, ನಕ್ಷೆಗೆ. ಇಂಥ ಯಂತ್ರಗಳು ಹೊಸತೇನಲ್ಲ. ಎಲೆಕ್ಟ್ರೋಲಕ್ಸ್ ಕಂಪನಿಯ ಟ್ರೈಲೋಬೈಟ್ 2001ರಲ್ಲಿ, ಐರೋಬೋಟ್ ಕಂಪನಿಯ ರೂಂಬಾ 2002ರಲ್ಲಿ ಮಾರುಕಟ್ಟೆಗೆ ಬಂದವು. ಆ ಕಾಲದ ರೂಂಬಾಕ್ಕೆ ಮನೆಯ ಆಕಾರ ತಿಳಿದಿರಲಿಲ್ಲ. ಗೋಡೆಗೆ ತಾಗಿದರೆ ದಿಕ್ಕು ಬದಲಿಸುವುದು, ಮತ್ತೆ ತಾಗುವವರೆಗೆ ನೇರ ಹೋಗುವುದು, ಹೀಗೆ ಅಡ್ಡಾದಿಡ್ಡಿಯಾಗಿ ಅಲೆದು ಅಲೆದು ಕಸ ತೆಗೆಯುವುದು ಅದರ ರೀತಿ. 2010ರಲ್ಲಿ ನೀಟೋ ಎಂಬ ಕಂಪನಿ ತಿರುಗುವ ಲೇಸರನ್ನು ತಲೆಯ ಮೇಲೆ ಹೊತ್ತ ಯಂತ್ರವನ್ನು ತಂದಿತು. ಈಗ ಲೈಡಾರ್ ಎಂದು ಎಲ್ಲರೂ ಕರೆಯುವ ಈ ಪುಟ್ಟ ಗೋಪುರ ಸುತ್ತಲೂ ಬೆಳಕನ್ನು ಬೀರಿ, ಗೋಡೆ ಎಷ್ಟು ದೂರದಲ್ಲಿದೆಯೆಂದು ಅಳೆದು, ಕೋಣೆಗಳ ನಕ್ಷೆಯನ್ನು ಬರೆದುಕೊಳ್ಳುತ್ತದೆ. ಆಮೇಲೆ ಗದ್ದೆ ಉಳುವವನಂತೆ ಸಾಲು ಹಿಡಿದು ಸಾಗುತ್ತದೆ. ಕತ್ತಲೆಯಲ್ಲೂ ಕೆಲಸ ಮಾಡುತ್ತದೆ. ಕಡಿಮೆ ಬೆಲೆಯ ಯಂತ್ರಗಳಲ್ಲಿ ಲೈಡಾರ್ ಬದಲು, ತಾನು ಎತ್ತ ತಿರುಗಿದೆನೆಂಬುದನ್ನಷ್ಟೇ ತಿಳಿಸುವ ಗೈರೋಸ್ಕೋಪ್ ಮಾತ್ರ ಇರುತ್ತದೆ. ಅವು ಸಾಲು ಹಿಡಿದೇ ಹೊರಟರೂ, ಯಾರಾದರೂ ನಡುವೆ ಎತ್ತಿ ಬೇರೆಡೆ ಇಟ್ಟರೆ ದಿಕ್ಕು ತಪ್ಪುತ್ತವೆ, ಅರ್ಧ ಕೋಣೆಯನ್ನು ಎರಡು ಸಲ ಗುಡಿಸಿ ಉಳಿದರ್ಧವನ್ನು ಮರೆಯುತ್ತವೆ. ನೆರೆಮನೆಯವರು 2020ರ ಲಾಕ್‌ಡೌನ್‌ನಲ್ಲಿ, ಬಾಯಿಯರಿಗೆ ಸೊಸೈಟಿಯ ಗೇಟು ಮುಚ್ಚಿದ್ದ ದಿನಗಳಲ್ಲಿ, ಅವಸರದಿಂದ ತರಿಸಿಕೊಂಡ ಅಂಥ ಒಂದು ಯಂತ್ರ ಈಗ ಅವರ ಲಾಫ್ಟ್‌ನಲ್ಲಿ ಮಲಗಿದೆ.

ಲೈಡಾರಿನ ತೊಂದರೆ ಅದರ ಎತ್ತರ. ಗೋಪುರವಿಲ್ಲದ ಯಂತ್ರ ಸುಮಾರು 8 ಸೆಂಟಿಮೀಟರಿನೊಳಗೆ ಮುಗಿದರೆ, ಗೋಪುರವುಳ್ಳದ್ದು ಸಾಮಾನ್ಯವಾಗಿ 9.5ರಿಂದ 10 ಸೆಂಟಿಮೀಟರ್ ಆಗುತ್ತದೆ. ಗೋಪುರವನ್ನು ಒಳಗೆಳೆದುಕೊಂಡು ತಗ್ಗುವ ಯಂತ್ರಗಳು ಈಚೆಗೆ ಬಂದಿವೆ, ಆದರೆ ಅವುಗಳ ಬೆಲೆ ನಮ್ಮಂಥವರ ಸೋಫಾದ ಬೆಲೆಯನ್ನು ಮೀರುತ್ತದೆ. ನಾವು ಕೊನೆಗೆ ಮಾಡಿದ್ದು ಬಡಗಿಯನ್ನು ಕರೆಸಿ ಸೋಫಾದ ಕಾಲುಗಳಿಗೆ 2 ಸೆಂಟಿಮೀಟರ್ ದಪ್ಪದ ಮರದ ತುಂಡು ಹೊಡೆಸಿದ್ದು; ಖರ್ಚು 400 ರೂಪಾಯಿ. ಅತ್ತೆಗೆ ಎತ್ತರಿಸಿದ ಸೋಫಾದಿಂದ ಏಳುವುದು ಸುಲಭವಾಯಿತು ಎಂಬುದು ಈ ಇಡೀ ವ್ಯವಹಾರದಲ್ಲಿ ನಾವು ನಿರೀಕ್ಷಿಸದೆ ಪಡೆದ ಲಾಭ. ಮಂಚಗಳ ವಿಷಯದಲ್ಲಿ ಈ ಪ್ರಶ್ನೆಯೇ ಇಲ್ಲ. ಮುಂಬಯಿಯ ಬಹುತೇಕ ಮನೆಗಳಂತೆ ನಮ್ಮಲ್ಲೂ ಬಾಕ್ಸ್ ಬೆಡ್. ಚಳಿಗಾಲದ ಹೊದಿಕೆ, ಊರಿನಿಂದ ಬಂದ ತಾಮ್ರದ ಪಾತ್ರೆ, ಮಗಳ ಹಳೆಯ ಪುಸ್ತಕ ಎಲ್ಲವೂ ಅದರ ಹೊಟ್ಟೆಯಲ್ಲಿ. ಜಾಹೀರಾತಿನಲ್ಲಿ ಮಂಚದಡಿಗೆ ನುಗ್ಗುವ ಯಂತ್ರವನ್ನು ಕಂಡು ಮರುಳಾಗುವ ಮೊದಲು, ನಿಮ್ಮ ಮಂಚಕ್ಕೆ ಅಡಿ ಎಂಬುದು ಇದೆಯೇ ಎಂದು ಬಗ್ಗಿ ನೋಡುವುದು ಒಳಿತು.

ಅಗಲದ ಲೆಕ್ಕವೂ ಉಂಟು. ಯಂತ್ರದ ವ್ಯಾಸ 35 ಸೆಂಟಿಮೀಟರ್. ಊಟದ ಮೇಜಿನ ಕುರ್ಚಿಗಳ ಕಾಲುಗಳ ನಡುವೆ ನಮ್ಮಲ್ಲಿ 38 ಸೆಂಟಿಮೀಟರ್ ಇರುವುದರಿಂದ ಅದು ನುಸುಳಿ ಒಳಹೋಗುತ್ತದೆ, ಆದರೆ ಹೊರಬರುವ ದಾರಿ ಹುಡುಕಲು ಐದು ನಿಮಿಷ ತೆಗೆದುಕೊಳ್ಳುತ್ತದೆ; ಕುರ್ಚಿಗಳನ್ನು ಮೇಜಿನ ಮೇಲೆ ತಲೆಕೆಳಗಾಗಿ ಇಡುವ ಉಡುಪಿ ಹೋಟೆಲಿನ ರಾತ್ರಿಯ ಪದ್ಧತಿಯೇ ಇದಕ್ಕೆ ಮದ್ದು. ಇನ್ನು ಅದು ಚಾರ್ಜ್ ಆಗುವ ಡಾಕ್. ಅದರ ಎರಡೂ ಪಕ್ಕಗಳಲ್ಲಿ ಅರ್ಧ ಮೀಟರ್, ಮುಂದೆ ಒಂದೂವರೆ ಮೀಟರ್ ಜಾಗವನ್ನು ಖಾಲಿ ಬಿಡಬೇಕೆಂದು ಕೈಪಿಡಿ ಹೇಳುತ್ತದೆ. ಗುಣಿಸಿ ನೋಡಿದರೆ ಇದು 16 ಚದರ ಅಡಿಗಿಂತ ಹೆಚ್ಚು. ಕಾರ್ಪೆಟ್ ಏರಿಯಾದ ಒಂದೊಂದು ಚದರ ಅಡಿಗೂ ಬ್ಯಾಂಕಿನ ಕಂತು ಕಟ್ಟುವ ಈ ಊರಿನಲ್ಲಿ ಇಂಥ ಸೂಚನೆಯನ್ನು ಬರೆದವರು ಗೋರೆಗಾಂವ್ ನೋಡಿದವರಲ್ಲ. ನಾವು ಒಂದು ಪಕ್ಕ 20, ಇನ್ನೊಂದು ಪಕ್ಕ 30 ಸೆಂಟಿಮೀಟರ್ ಬಿಟ್ಟು ಟಿವಿ ಕಟ್ಟೆಯ ಪಕ್ಕದಲ್ಲಿಟ್ಟಿದ್ದೇವೆ. ಹತ್ತರಲ್ಲಿ ಒಂಬತ್ತು ಸಲ ಅದು ಸರಿಯಾಗಿ ಮನೆ ಸೇರುತ್ತದೆ. ತಾನೇ ಕಸವನ್ನು ಚೀಲಕ್ಕೆ ಹೀರಿಕೊಳ್ಳುವ ದೊಡ್ಡ ಡಾಕ್ ಬೇಡವೆಂದದ್ದೂ ಈ ಜಾಗದ ಕಾರಣಕ್ಕೇ, ಜೊತೆಗೆ ಮತ್ತೆ ಮತ್ತೆ ಕೊಳ್ಳಬೇಕಾದ ಚೀಲಗಳ ಖರ್ಚಿನ ಕಾರಣಕ್ಕೆ. 400 ಮಿಲಿಲೀಟರಿನ ಡಬ್ಬಿಯನ್ನು ದಿನಕ್ಕೊಮ್ಮೆ ಕೊಡವುವುದು ದೊಡ್ಡ ಶ್ರಮವೇನಲ್ಲ.

ಮೊದಲ ದಿನ ಅದು ಬರೆದ ನಕ್ಷೆಯಲ್ಲಿ ನಮ್ಮ ಮನೆಗೆ ಮೂರನೆಯ ಮಲಗುವ ಕೋಣೆಯೊಂದು ಇತ್ತು. ವಾರ್ಡ್‌ರೋಬಿನ ನೆಲಮಟ್ಟದ ಕನ್ನಡಿಯಲ್ಲಿ ಲೇಸರ್ ಪ್ರತಿಫಲಿಸಿ, ಕನ್ನಡಿಯ ಆಚೆಗೂ ಅಷ್ಟೇ ಉದ್ದದ ಕೋಣೆಯಿದೆಯೆಂದು ಯಂತ್ರ ನಂಬಿಬಿಟ್ಟಿತ್ತು. ಮುಂಬಯಿಯಲ್ಲಿ ನಮಗೆ ಪುಕ್ಕಟೆಯಾಗಿ ಸಿಕ್ಕ ಕೋಣೆ ಅದೊಂದೇ. ಲೇಸರ್ ಇರುವ ಎತ್ತರಕ್ಕೆ ಕನ್ನಡಿಯ ಮೇಲೆ ಎರಡು ಬೆರಳಗಲದ ಅಪಾರದರ್ಶಕ ಟೇಪ್ ಅಂಟಿಸಿ, ನಕ್ಷೆಯನ್ನು ಅಳಿಸಿ ಮತ್ತೆ ಬರೆಸಿದ ಮೇಲೆ ಕೋಣೆ ಮಾಯವಾಯಿತು. ಬಾಲ್ಕನಿಗೆ ಗಾಜಿನ ಸ್ಲೈಡಿಂಗ್ ಬಾಗಿಲು ಇರುವವರೂ ಇದನ್ನೇ ಮಾಡಬಹುದು.

ಹೊಸ್ತಿಲಿನ ಕಥೆ ಇದಕ್ಕಿಂತ ದೀರ್ಘ. ನಮ್ಮ ಅಡುಗೆಮನೆಯ ಬಾಗಿಲಿನಲ್ಲಿ ನೆಲಕ್ಕೆ ಸಮವಾಗಿ ಕಪ್ಪು ಗ್ರಾನೈಟಿನ ಪಟ್ಟಿಯಿದೆ, ಬಚ್ಚಲಿನ ಬಾಗಿಲಿನಲ್ಲಿ ಬಿಳಿಯ ಅಮೃತಶಿಲೆ. ಮೆಟ್ಟಿಲಿನಿಂದ ಉರುಳದಿರಲೆಂದು ಯಂತ್ರದ ಹೊಟ್ಟೆಯಲ್ಲಿ ಅವಕೆಂಪು ಕಿರಣದ ಸೆನ್ಸಾರುಗಳಿರುತ್ತವೆ. ಕೆಳಗೆ ಬಿಟ್ಟ ಕಿರಣ ಮರಳಿ ಬಂದರೆ ನೆಲವಿದೆ, ಬಾರದಿದ್ದರೆ ಪ್ರಪಾತವಿದೆ ಎಂದು ಅವುಗಳ ತರ್ಕ. ಕಪ್ಪು ಕಲ್ಲು ಕಿರಣವನ್ನು ನುಂಗಿಕೊಳ್ಳುವುದರಿಂದ ನಮ್ಮ ಅಡುಗೆಮನೆಯ ಸಮತಟ್ಟಾದ ಹೊಸ್ತಿಲು ಅದಕ್ಕೆ ಪ್ರಪಾತವಾಗಿ ಕಂಡಿತು. ವಾರಗಟ್ಟಲೆ ಅದು ಬಾಗಿಲವರೆಗೆ ಬಂದು ಮಡಿಯವರ ಮನೆಯೆಂಬಂತೆ ಹೊರಗಿನಿಂದಲೇ ಹಿಂದಿರುಗುತ್ತಿತ್ತು. ಬಚ್ಚಲಿನಲ್ಲಿ ಆದದ್ದು ಇದಕ್ಕೆ ತದ್ವಿರುದ್ಧ. ಬಿಳಿಯ ಕಲ್ಲನ್ನು ದಾಟಿ ಎರಡೂವರೆ ಸೆಂಟಿಮೀಟರ್ ಕೆಳಗಿರುವ ಒದ್ದೆ ನೆಲವನ್ನು ಸೆನ್ಸಾರ್ ಪ್ರಪಾತವೆಂದು ಪರಿಗಣಿಸಲಿಲ್ಲ. ಯಂತ್ರ ನಿರಾತಂಕವಾಗಿ ಇಳಿಯಿತು, ಆದರೆ 2 ಸೆಂಟಿಮೀಟರಿಗಿಂತ ಹೆಚ್ಚು ಎತ್ತರವನ್ನು ಹತ್ತಲಾರದ ಅದರ ಗಾಲಿಗಳು ಅದನ್ನು ಮೇಲಕ್ಕೆ ತರಲಿಲ್ಲ. ಒಳಗಿನ ಧೂಳು ನೀರಿನೊಂದಿಗೆ ಕಲಸಿ ಸಿಮೆಂಟಿನ ಗಾರೆಯಾಗಿತ್ತು, ಮತ್ತು ಎದುರಿನ ಕಟ್ಟಡದ ಧೂಳಾದ್ದರಿಂದ ಈ ಮಾತು ಉಪಮೆಯಲ್ಲ. ಈಗ ಅಡುಗೆಮನೆಯ ಪಟ್ಟಿಯ ಮೇಲೆ ತಿಳಿಬಣ್ಣದ ವಿನೈಲ್ ಹಾಳೆ ಅಂಟಿಸಿದ್ದೇವೆ, ಬಚ್ಚಲನ್ನು ಮೊಬೈಲಿನ ನಕ್ಷೆಯಲ್ಲಿ ನಿಷಿದ್ಧ ವಲಯವೆಂದು ಗುರುತಿಸಿದ್ದೇವೆ. ಸೆನ್ಸಾರಿಗೇ ಬಿಳಿ ಟೇಪ್ ಅಂಟಿಸಿ ಕಣ್ಣು ಕಟ್ಟುವ ಸಲಹೆಯನ್ನು ಕೆಲವರು ಕೊಡುತ್ತಾರೆ. ಒಳಮೆಟ್ಟಿಲುಗಳಿರುವ ಮನೆಯವರು ಅದನ್ನು ಖಂಡಿತ ಮಾಡಕೂಡದು.

ಒರೆಸುವ ಕೆಲಸದ ಬಗ್ಗೆ ನನ್ನ ಅಭಿಪ್ರಾಯ ಕಠಿಣವಾದದ್ದು. ಯಂತ್ರದ ನೀರಿನ ತೊಟ್ಟಿ ಹಿಡಿಸುವುದು 250 ಮಿಲಿಲೀಟರ್, ಅಂದರೆ ಒಂದು ದೊಡ್ಡ ಲೋಟ. ನಮ್ಮ ಬಾಯಿ ಅರ್ಧ ಬಕೆಟ್ ನೀರಿನಲ್ಲಿ ಒರೆಸಿ, ನಡುವೆ ಒಮ್ಮೆ ನೀರು ಬದಲಿಸಿ, ಬಟ್ಟೆಯನ್ನು ಆರೇಳು ಸಲ ಹಿಂಡುತ್ತಾಳೆ. ಯಂತ್ರ ಅದೇ ಬಟ್ಟೆಯನ್ನು ಮೊದಲ ಕೋಣೆಯಿಂದ ಕೊನೆಯ ಕೋಣೆಯವರೆಗೆ ಎಳೆಯುತ್ತದೆ. ಹಾಲ್‌ನಲ್ಲಿ ಎತ್ತಿಕೊಂಡದ್ದನ್ನು ದೇವರ ಕೋಣೆಯಲ್ಲಿ ತೆಳುವಾಗಿ ಬಳಿಯುತ್ತದೆ. ತೊಟ್ಟಿಗೆ ಫಿನಾಯಿಲ್ ಹಾಕಬಾರದೆಂದು ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿದೆ. ಫಿನಾಯಿಲಿನ ವಾಸನೆಯಿಲ್ಲದ ನೆಲವನ್ನು ಶುದ್ಧವೆಂದು ಅತ್ತೆ ಒಪ್ಪುವುದಿಲ್ಲ. ತಿರುಗುವ ಎರಡು ಬಿಲ್ಲೆಗಳಿಂದ ಒತ್ತಿ ಒರೆಸುವ, ಡಾಕ್‌ಗೆ ಮರಳಿ ಬಟ್ಟೆಯನ್ನು ತಾನೇ ತೊಳೆದುಕೊಳ್ಳುವ ದುಬಾರಿ ಯಂತ್ರಗಳಲ್ಲಿ ಈ ದೋಷ ಬಹಳಷ್ಟು ಕಡಿಮೆ. ಆದರೆ ನಮ್ಮ ಬೆಲೆಯ ವರ್ಗದಲ್ಲಿ ‘ಗುಡಿಸಿ ಒರೆಸುತ್ತದೆ’ ಎಂಬ ಮಾತಿನ ಎರಡನೆಯ ಕ್ರಿಯಾಪದವನ್ನು ಓದದೆ ಬಿಡುವುದು ಕ್ಷೇಮ. ಆರು ತಿಂಗಳ ನಂತರ ನಾನು ಆ ಬಟ್ಟೆಯನ್ನು ಕಳಚಿ ಕಪಾಟಿನಲ್ಲಿಟ್ಟೆ.

ಆದ್ದರಿಂದಲೇ ಬಾಯಿ ಈಗಲೂ ಬರುತ್ತಾಳೆ, ಮತ್ತು ಅವಳ ಪಗಾರದಲ್ಲಿ ಒಂದು ರೂಪಾಯಿಯೂ ಕಡಿಮೆಯಾಗಿಲ್ಲ. ಯಂತ್ರ ಬಂದ ಮೂರನೆಯ ದಿನ ಸೊಂಟದ ಮೇಲೆ ಕೈಯಿಟ್ಟು ಅದನ್ನು ಒಂದು ಸುತ್ತು ಗಮನಿಸಿ, ‘ಹಾ ಕೋಪರೇ ಸೋಡತೋ’, ಇದು ಮೂಲೆಗಳನ್ನು ಬಿಡುತ್ತದೆ ಎಂದಳು. ನಾನು ಕೊಳ್ಳುವ ಮೊದಲು ನೋಡಿದ ಯಾವ ವಿಮರ್ಶೆಯೂ ಇಷ್ಟು ಸಂಕ್ಷಿಪ್ತವಾಗಿ ಇಷ್ಟು ಸರಿಯಾಗಿ ಹೇಳಿರಲಿಲ್ಲ. ದುಂಡಗಿನ ಯಂತ್ರ ಚೌಕದ ಮೂಲೆಯನ್ನು ಮುಟ್ಟಲಾರದು. ಪಕ್ಕದ ಬ್ರಶ್ ಎಷ್ಟು ಚಾಚಿದರೂ ಬೆರಳಗಲದ ತ್ರಿಕೋನವೊಂದು ಉಳಿದೇ ಉಳಿಯುತ್ತದೆ. ಈಗ ಅವರಿಬ್ಬರಲ್ಲಿ ಒಂದು ಹಂಚಿಕೆಯಾಗಿದೆ: ಬೆಳಿಗ್ಗೆ ಅವಳು ಮೂಲೆ ಗುಡಿಸಿ ಲಾದಿ ಒರೆಸುತ್ತಾಳೆ, ಮಧ್ಯಾಹ್ನ ಎರಡಕ್ಕೆ, ಅಂದರೆ ಎದುರಿನ ಕಟ್ಟಡದ ಧೂಳು ಬಂದು ಕೂತ ಮೇಲೆ, ಯಂತ್ರ ಹೊರಟು 45 ನಿಮಿಷದಲ್ಲಿ ಇಡೀ ಮನೆಯನ್ನು ಸುತ್ತುತ್ತದೆ. ಈ ಎರಡನೆಯ ಗುಡಿಸುವಿಕೆಯೇ ಯಂತ್ರದ ನಿಜವಾದ ಕೊಡುಗೆ. ಪತಿಯ ಸಂಜೆಯ ಸೀನು ಕಡಿಮೆಯಾಗಿದೆ. ಅದಕ್ಕೆ ಯಂತ್ರವೇ ಕಾರಣವೋ, ಮಧ್ಯಾಹ್ನ ಕಿಟಕಿ ಮುಚ್ಚುವ ಹೊಸ ಅಭ್ಯಾಸವೂ ಕಾರಣವೋ ಎಂದು ಬೇರ್ಪಡಿಸಿ ಹೇಳಲಾರೆ.

ನಿರ್ವಹಣೆಯಲ್ಲಿ ಮೂರು ಶತ್ರುಗಳು: ಕೂದಲು, ನಾರು, ಮಳೆಗಾಲ. ಮಗಳ ಕೂದಲು ನಡುವಿನ ಉರುಳು ಬ್ರಶ್ಶಿಗೆ ಸುತ್ತಿಕೊಂಡು ವಾರದಲ್ಲಿ ಒಂದು ಸಣ್ಣ ತುರುಬಾಗುತ್ತದೆ; ಭಾನುವಾರ ಕತ್ತರಿ ಹಿಡಿದು ಬಿಡಿಸಬೇಕು. ರೋಮದ ಬ್ರಶ್ಶಿಗಿಂತ ರಬ್ಬರಿನ ಅಲಗುಗಳ ಬ್ರಶ್ ಇರುವ ಯಂತ್ರ ಈ ವಿಷಯದಲ್ಲಿ ಮೇಲು. ಹಬ್ಬದ ದಿನ ಮಾಟುಂಗಾದಿಂದ ತಂದ ಮಲ್ಲಿಗೆಯ ದಂಡೆಯಿಂದ ಉದುರಿದ ಬಾಳೆನಾರು ಪಕ್ಕದ ಬ್ರಶ್ಶಿನ ಗುಬುಟಿಗೆ ಎಷ್ಟು ಬಿಗಿಯಾಗಿ ಸುತ್ತಿಕೊಂಡಿತ್ತೆಂದರೆ ಸ್ಕ್ರೂ ಬಿಚ್ಚದೆ ಬರಲಿಲ್ಲ. ದೇವರ ಮುಂದಿನ ರಂಗೋಲಿಯನ್ನು ಅದು ಭಕ್ತಿಯಿಲ್ಲದೆ ನುಂಗುತ್ತದೆ, ಮತ್ತು ಆ ನುಣುಪಾದ ಪುಡಿಯೇ ಫಿಲ್ಟರನ್ನು ಎಲ್ಲಕ್ಕಿಂತ ಬೇಗ ಕಟ್ಟಿಸುತ್ತದೆ. ಅಲ್ಲಿಯೂ ಒಂದು ನಿಷಿದ್ಧ ವಲಯ ಎಳೆದಿದ್ದೇವೆ. ಮಳೆಗಾಲದಲ್ಲಿ ತೇವ ಹೀರಿದ ಧೂಳು ಡಬ್ಬಿಯಲ್ಲಿ ಮುದ್ದೆಯಾಗಿ ಮುಗ್ಗಲು ವಾಸನೆ ಬರುತ್ತದೆ. ತೊಳೆದ ಫಿಲ್ಟರನ್ನು 24 ಗಂಟೆ ಒಣಗಿಸಿ ಎಂದು ಬರೆದಿರುತ್ತಾರೆ. ಜುಲೈ ತಿಂಗಳ ಮುಂಬಯಿಯಲ್ಲಿ ಬನಿಯನ್ನೇ ಮೂರು ದಿನ ಒಣಗದಿರುವಾಗ ಫಿಲ್ಟರಿನ ಮಾತೇನು? ಎರಡು ಫಿಲ್ಟರ್ ಇಟ್ಟುಕೊಂಡು ಸರದಿಯಂತೆ ಬಳಸುವುದೊಂದೇ ದಾರಿ.

ವಿದ್ಯುತ್ತಿನ ಬಗ್ಗೆ ಕೇಳುವವರಿಗೆ ಲೆಕ್ಕ ಸರಳವಾಗಿದೆ. ಬ್ಯಾಟರಿ 14.4 ವೋಲ್ಟ್, 5,200 ಮಿಲಿಆಂಪಿಯರ್-ಗಂಟೆ. ಪೂರ್ತಿ ತುಂಬಿದಾಗ ಸುಮಾರು 75 ವ್ಯಾಟ್-ಗಂಟೆ. ಚಾರ್ಜಿಂಗಿನ ನಷ್ಟ ಸೇರಿಸಿ, ದಿನಾಲೂ ಪೂರ್ತಿ ಖಾಲಿ ಮಾಡಿದರೂ ತಿಂಗಳಿಗೆ ಮೂರು ಯೂನಿಟ್ಟಿನ ಆಸುಪಾಸು. ವೈಫೈ ವಿಷಯದಲ್ಲಿ ಮಾತ್ರ ಒಂದು ಸಂಜೆ ಹಾಳಾಯಿತು: ಇಂಥ ಬಹುತೇಕ ಯಂತ್ರಗಳಂತೆ ನಮ್ಮದೂ 2.4 ಗಿಗಾಹರ್ಟ್ಸ್ ಜಾಲವನ್ನು ಮಾತ್ರ ಹಿಡಿಯುತ್ತದೆ, ನಮ್ಮ ರೌಟರ್ ಅದನ್ನೂ 5 ಗಿಗಾಹರ್ಟ್ಸ್ ಜಾಲವನ್ನೂ ಒಂದೇ ಹೆಸರಿನಲ್ಲಿ ಬಿತ್ತರಿಸುತ್ತಿತ್ತು. ಎರಡಕ್ಕೂ ಬೇರೆ ಬೇರೆ ಹೆಸರಿಟ್ಟ ಮೇಲೆ ಜೋಡಣೆಯಾಯಿತು. ಕ್ಯಾಮೆರಾ ಇರುವ ಮಾದರಿಯನ್ನು ನಾವು ಬೇಕೆಂದೇ ಬಿಟ್ಟೆವು. ನೆಲದಲ್ಲಿ ಬಿದ್ದ ಚಪ್ಪಲಿ, ಚಾರ್ಜರಿನ ವಯರುಗಳನ್ನು ಗುರುತಿಸಿ ಬಳಸಿ ಹೋಗುವ ಗುಣ ಅವುಗಳಿಗಿದೆ, ನಿಜ. ಆದರೆ ಪರೀಕ್ಷೆಗೆಂದು ಮನೆಗಳಲ್ಲಿ ಇರಿಸಿದ್ದ ಅಂಥ ಯಂತ್ರಗಳು ತೆಗೆದ ಖಾಸಗಿ ಚಿತ್ರಗಳು ಜಾಲತಾಣಕ್ಕೆ ಸೋರಿದ್ದು 2022ರಲ್ಲಿ ವರದಿಯಾದದ್ದನ್ನು ಓದಿದ ಮೇಲೆ, ವಯರುಗಳನ್ನು ನಾವೇ ಎತ್ತಿಡುವುದು ವಾಸಿ ಎನಿಸಿತು. ನಮ್ಮ ಯಂತ್ರ ಆಡುವ ಮಾತು ಇಂಗ್ಲಿಷ್. ಕನ್ನಡವೂ ಇಲ್ಲ, ಮರಾಠಿಯೂ ಇಲ್ಲ. ಅತ್ತೆ ಅದಕ್ಕೆ ಕನ್ನಡದಲ್ಲೇ ಉತ್ತರ ಕೊಡುತ್ತಾರೆ.

ಹದಿನಾಲ್ಕನೆಯ ತಿಂಗಳಿನಲ್ಲಿ ಎಡಗಾಲಿಯ ಮೋಟರ್ ಕೈಕೊಟ್ಟಿತು. ವಾರಂಟಿ ಹನ್ನೆರಡಕ್ಕೇ ಮುಗಿದಿತ್ತು. ಕಂಪನಿಯ ಹೆಸರನ್ನು ನಾನು ಬರೆಯುವುದಿಲ್ಲ, ಏಕೆಂದರೆ ಒಂದು ಯಂತ್ರದ ಅನುಭವದಿಂದ ಕಂಪನಿಯನ್ನು ಅಳೆಯುವುದು ನ್ಯಾಯವಲ್ಲ. ಆದರೆ ಬಿಡಿಭಾಗ ಬರಲು 19 ದಿನ ಹಿಡಿಯಿತು, 3,200 ರೂಪಾಯಿ ಖರ್ಚಾಯಿತು, ಮತ್ತು ಅಷ್ಟು ದಿನಗಳಲ್ಲಿ ಆರು ಸಲ ಒಂದೇ ದೂರನ್ನು ಆರು ಜನರಿಗೆ ಮೊದಲಿನಿಂದ ವಿವರಿಸಬೇಕಾಯಿತು. ಕೊಳ್ಳುವವರು ಪಾಸ್ಕಲ್ ಕೇಳುವ ಮೊದಲು ಕೇಳಬೇಕಾದ ಪ್ರಶ್ನೆಗಳು ಇವು: ಗಾಲಿ, ಬ್ಯಾಟರಿ, ಬ್ರಶ್, ಫಿಲ್ಟರ್ ಬಿಡಿಯಾಗಿ ಸಿಗುತ್ತವೆಯೇ, ಸರ್ವಿಸ್ ಸೆಂಟರ್ ಇದೇ ಊರಿನಲ್ಲಿದೆಯೇ, ಬ್ಯಾಟರಿಗೆ ವಾರಂಟಿ ಎಷ್ಟು ತಿಂಗಳು. ನಮ್ಮ ಕಾಗದದ ಸಣ್ಣ ಅಕ್ಷರಗಳಲ್ಲಿ ಬ್ಯಾಟರಿಗೆ ಆರು ತಿಂಗಳು ಮಾತ್ರ ಎಂದಿತ್ತು.

ಕಳೆದ ತಿಂಗಳು ಡೊಂಬಿವಲಿಯಲ್ಲಿರುವ ತಂಗಿ ತಾನೂ ಒಂದನ್ನು ಕೊಳ್ಳುವೆನೆಂದಳು. ನಾನು ಯಂತ್ರದ ಬಗ್ಗೆ ಏನನ್ನೂ ಹೇಳದೆ, ಚೀಲದಲ್ಲಿ ಅಳತೆ ಟೇಪ್ ಹಾಕಿಕೊಂಡು ಅವಳ ಮನೆಗೆ ಹೋದೆ. ಎಂಬತ್ತರ ದಶಕದ ಕಟ್ಟಡ. ನೆಲಕ್ಕೆ ನಮ್ಮ ಕಲಬುರಗಿ ಸೀಮೆಯಿಂದ ಬಂದ ಶಹಾಬಾದಿ ಫರಸಿ, ಕಲ್ಲು ಕಲ್ಲಿನ ನಡುವೆ ಬೆರಳು ಹೋಗುವ ಸಂದು. ಹಾಲ್‌ನಿಂದ ಅಡುಗೆಮನೆಗೆ 4 ಸೆಂಟಿಮೀಟರಿನ ಹೊಸ್ತಿಲು, ಕೋಣೆಗೆ ಮೂರೂವರೆ, ದಿವಾನದಡಿಯಲ್ಲಿ 7 ಸೆಂಟಿಮೀಟರ್ ಸಂದು, ಅದರೊಳಗೆ ಎರಡು ಟ್ರಂಕು. ಅಳತೆಗಳನ್ನೆಲ್ಲ ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ ಬರೆದು ಅವಳ ಮುಂದಿಟ್ಟೆ. ಅವಳು ಉದ್ದ ಹಿಡಿಯ ಕಸಬರಿಗೆಯೊಂದನ್ನು ಕೊಂಡಳು.